ಚಿಗುರಂಕ ಮೂವತ್ತೊಂದು

"ನಿಮ್ಮ ಯಜಮಾನ್ರ ರಕ್ತದಾಗ ಚಿಗುರೋ ಗುಣಾನ ಇಲ್ಲರೀ. ಅಂಕ ಮೂವತ್ತೊಂದು ಬಂದದ. ನಲವತ್ತರ ಕೆಳಗ ಬಂದವರಿಗೆ ಇಲ್ಲೆ ಚಿಕಿತ್ಸಾ ಕೊಡೂದಿಲ್ಲ."

ಕೌಂಟರಿನ ಗಾಜಿನ ಹಿಂದೆ ಕೂತಿದ್ದ ಹುಡುಗಿ ಹಲವು ಸಲ ಹೇಳಿ ರೂಢಿಯಾದ ದನಿಯಲ್ಲಿ ಇಷ್ಟು ಹೇಳಿ, ಚೀಟಿಯನ್ನು ಕೆಳಗಿನ ಸಂದಿಯಿಂದ ಹೊರಗೆ ತಳ್ಳಿದಳು. ದ್ಯಾಮವ್ವ ಚೀಟಿ ಮುಟ್ಟಲಿಲ್ಲ.

"ಗುಣ ಇಲ್ಲಂದ್ರ? ಹದಿನೆಂಟ ವರ್ಷ ಕರೆಂಟಿನ ಕಂಬ ಹತ್ತ್ಯಾನವಾ ನನ್ನ ಗಂಡ. ಕೈ ಸುಟ್ಟಾಗ ಎರಡ ವಾರದಾಗ ಹೊಸಾ ಚರ್ಮ ಬಂದಿತ್ತು. ಅಂವಂಗ ಚಿಗುರೋ ಗುಣ ಇಲ್ಲಂತ ಯಾರ ಹೇಳಿದ್ರು?"

"ಕಂಪ್ಯೂಟರ್ ಹೇಳೇದ್ರೀ."

"ಅದು ಅಂವನ್ನ ನೋಡೇತೇನು?"

ಹುಡುಗಿ ಮುಂದಿನವರನ್ನು ಕರೆದಳು. ದ್ಯಾಮವ್ವ ಕದಲಲಿಲ್ಲ. ಕಾವಲುಗಾರ ಬಂದು ಅವಳ ತೋಳು ಹಿಡಿಯಲು ಕೈ ಚಾಚಿದಾಗ, ಆ ದಾರಿಯಲ್ಲೇ ಹೊರಟಿದ್ದ ಡಾಕ್ಟರ್ ಕಸ್ತೂರಿ ಹೂಗಾರ ನಿಂತಳು. "ಮುಟ್ಟಬ್ಯಾಡ ಅವರನ್ನ," ಎಂದು ಅವನನ್ನು ಗದರಿಸಿ, ಚೀಟಿ ಎತ್ತಿಕೊಂಡು ನೋಡಿದಳು. ಯಮನೂರಪ್ಪ, ಲೈನ್‌ಮನ್, ವಯಸ್ಸು ನಲವತ್ನಾಲ್ಕು. ಕಂಬದಿಂದ ಬಿದ್ದು ಅಂದಿಗೆ ಆರನೇ ದಿನ. ಮೂರು ದಿನ ತಾಲೂಕು ಆಸ್ಪತ್ರೆ, ಎರಡು ದಿನ ಇನ್ನೊಂದು ಸರ್ಕಾರಿ ಆಸ್ಪತ್ರೆ, ಆಮೇಲೆ ಇಲ್ಲಿ. ಬಲಗೈ ಬಲಗಾಲು ಬಿದ್ದುಹೋಗಿವೆ, ಮಾತಿಲ್ಲ.

"ನೀವು ಇಲ್ಲೇ ಕೂತಿರ್ರಿ. ಎಲ್ಲೂ ಹೋಗಬ್ಯಾಡ್ರಿ," ಎಂದು ದ್ಯಾಮವ್ವನಿಗೆ ಹೇಳಿ ಕಸ್ತೂರಿ ಪ್ರಯೋಗಾಲಯದ ಮೆಟ್ಟಿಲು ಹತ್ತಿದಳು. ಹಾಗೇಕೆ ಹೇಳಿದಳೆಂದು ಅವಳಿಗೇ ತಿಳಿಯಲಿಲ್ಲ. ಎರಡು ವರ್ಷಗಳಿಂದ ಇಂಥ ಚೀಟಿಗಳನ್ನು ಅವಳು ಸುಮ್ಮನೆ ದಾಟಿ ಹೋಗುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ಇಂಥ ಚೀಟಿಯೇ ಇರಲಿಲ್ಲ, ಏಕೆಂದರೆ ಮೆದುಳಿನ ನರ ಒಮ್ಮೆ ಹರಿದರೆ ಯಾರದೂ ಚಿಗುರುತ್ತಿರಲಿಲ್ಲ. ತಲೆಗೆ ಪೆಟ್ಟು ಬಿದ್ದಾಗ ದೇಹದ ಕಾವಲಿಗಿರುವ ಬಿಳಿ ಕಣಗಳು ಅಲ್ಲಿಗೆ ಓಡಿಬರುತ್ತವೆ. ಬಲಿತ ಕಣಗಳು ಸತ್ತದ್ದನ್ನು ತಿಂದು ತೆಗೆಯುತ್ತವೆ. ಆ ಭರದಲ್ಲಿ ಬಾವು ಎಬ್ಬಿಸಿ ಬದುಕಿದ್ದನ್ನೂ ಸುಡುತ್ತವೆ. ಅದಕ್ಕೇ ವೈದ್ಯರು ಬಹುಕಾಲ ಅವನ್ನು ಅಡಗಿಸುವುದೇ ಚಿಕಿತ್ಸೆ ಎಂದುಕೊಂಡಿದ್ದರು. ಆಮೇಲೆ ಗೊತ್ತಾಯಿತು, ಅದೇ ಗುಂಪಿನಲ್ಲಿ ಇನ್ನೂ ಬಲಿಯದ ಎಳೆಯ ಕಣಗಳೂ ಕೆಲವು ಬರುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವುಗಳ ನಡುವಿನ ಬೀಜ ಬಳೆಯ ಹಾಗೆ ದುಂಡಗೆ ಕಾಣುತ್ತದೆ. ಅವು ಹರಿದ ನರದ ಪಕ್ಕ ಕೂತು ಒಂದು ರಸ ಬಿಡುತ್ತವೆ, ಆ ರಸ ತಾಗಿದ ನರ ಮತ್ತೆ ಬೆಳೆಯತೊಡಗುತ್ತದೆ. ಆದರೆ ಅವು ಬರುವುದು ಬೆರಳೆಣಿಕೆಯಷ್ಟು. ಹುಬ್ಬಳ್ಳಿಯ ನವಪಲ್ಲವ ನರವಿಜ್ಞಾನ ಸಂಸ್ಥೆ ಮಾಡಿದ್ದೇನೆಂದರೆ, ಗಾಯಾಳುವಿನ ಸೊಂಟದ ಮೂಳೆಯೊಳಗಿನ ಮಜ್ಜೆಯಿಂದ ಆ ಎಳೆಗಣಗಳನ್ನು ತೆಗೆದು, ನಾಲ್ಕು ದಿನ ಬೆಳೆಸಿ, ಕೋಟಿಗಟ್ಟಲೆ ಮಾಡಿ, ಬೆನ್ನುಹುರಿಯ ನೀರಿನ ಮೂಲಕ ಮೆದುಳಿಗೆ ಮರಳಿ ಕಳಿಸುವುದು. ಇದಕ್ಕೆ ಒಂದೇ ಒಂದು ಷರತ್ತು. ಪೆಟ್ಟು ಬಿದ್ದ ಹನ್ನೊಂದು ದಿನದೊಳಗೆ ಕೊಡಬೇಕು. ಆಮೇಲೆ ಗಾಯದ ಸುತ್ತ ಗಟ್ಟಿ ಕಲೆ ಕಟ್ಟಿ ಗೋಡೆಯಾಗುತ್ತದೆ. ಎಳೆಗಣ ಅದರಾಚೆ ಹೋಗಲಾರದು, ಹೋದರೂ ನರ ಬೆಳೆಯಲು ಜಾಗವಿಲ್ಲ.

ಈ ಚಿಕಿತ್ಸೆ ಎಲ್ಲರಿಗೂ ಒಂದೇ ಸಮ ಫಲ ಕೊಡಲಿಲ್ಲ. ಕೆಲವರು ಎದ್ದು ನಡೆದರು, ಕೆಲವರು ಇದ್ದಲ್ಲೇ ಇದ್ದರು. ಯಾರು ಚಿಗುರುತ್ತಾರೆ ಎಂದು ಮೊದಲೇ ಹೇಳಲು ಎರಡು ವರ್ಷಗಳ ಹಿಂದೆ ಸಂಸ್ಥೆ ಒಂದು ಲೆಕ್ಕಯಂತ್ರ ತಂದಿತು. ಹಳೆಯ ರೋಗಿಗಳ ದಾಖಲೆಗಳನ್ನೆಲ್ಲ ಅದಕ್ಕೆ ಓದಿಸಿದರು. ಅಂದಿನಿಂದ ಅದು ಹೊಸಬರಿಗೆ ನೂರಕ್ಕಿಷ್ಟು ಎಂದು ಅಂಕ ಕೊಡುತ್ತ ಬಂದಿತ್ತು. ಚಿಗುರಂಕ. ಆ ಮಾತು ಆಸ್ಪತ್ರೆಯ ಗೋಡೆಯೊಳಗೆ ಉಳಿಯಲಿಲ್ಲ. ಒಂದು ಮನೆಯಲ್ಲಿ ಒಬ್ಬರಿಗೆ ಕಡಿಮೆ ಬಂತೆಂದರೆ ಆ ಮನೆತನದ ರಕ್ತವೇ ಜೊಳ್ಳು ಎಂದು ಬೀಗರು ಆಡಿಕೊಂಡರು. ಹೆಣ್ಣು ಗಂಡು ನೋಡುವವರು ಜಾತಕ ಕೇಳಿದ ಬಾಯಿಂದಲೇ ಅದನ್ನೂ ಕೇಳತೊಡಗಿದರು.

ಕಸ್ತೂರಿ ಯಮನೂರಪ್ಪನ ಮಜ್ಜೆಯ ಗಾಜಿನ ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಅಂಕ ಹಾಕಲೆಂದು ಬಂದವರೆಲ್ಲರ ಮಜ್ಜೆಯನ್ನೂ ತೆಗೆಯುವುದು ಪದ್ಧತಿ. ನಲವತ್ತರ ಕೆಳಗಿನವರದನ್ನು ಆಮೇಲೆ ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ.

ಅವಳು ನೋಡಿದಳು. ಮತ್ತೆ ನೋಡಿದಳು. ಬಳೆ ಬಳೆ ಬಳೆ. ಕಣ್ಣು ಹಾಯಿಸಿದಲ್ಲೆಲ್ಲ ಎಳೆಗಣಗಳು ಗಿಜಿಗುಡುತ್ತಿದ್ದವು. ಇಷ್ಟು ದಟ್ಟವಾದ ಮಜ್ಜೆಯನ್ನು ಅವಳು ಈ ನಾಲ್ಕು ವರ್ಷಗಳಲ್ಲಿ ಮೂರೋ ನಾಲ್ಕೋ ಸಲ ಕಂಡಿದ್ದಳು. ಇದಕ್ಕೆ ಮೂವತ್ತೊಂದು?

ಸುಮ್ಮನೆ ನೋಡೋಣ ಎಂದು ತನಗೆ ತಾನೇ ಹೇಳಿಕೊಂಡು, ಉಳಿದ ಮಜ್ಜೆಯನ್ನು ಬೆಳೆಸುವ ಪೆಟ್ಟಿಗೆಯಲ್ಲಿಟ್ಟಳು. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಹೆಸರು ಬರೆಯಲಿಲ್ಲ.

*

ನಿರ್ದೇಶಕ ಡಾಕ್ಟರ್ ವಿದ್ಯಾಧರ ಅಣ್ಣಿಗೇರಿ ಒಳ್ಳೆಯ ಮಾತುಗಾರ. ಯಾರೇ ಸಿಟ್ಟಿನಿಂದ ಬಂದರೂ ಮೊದಲು ಚಹಾ ತರಿಸುತ್ತಿದ್ದ.

"ಕಸ್ತೂರಿಯವರ, ಒಬ್ಬನ ಮಜ್ಜೆ ನೋಡಿ ಹೇಳಬ್ಯಾಡ್ರಿ. ಸಾವಿರದ ಮ್ಯಾಲೆ ಜನರ ದಾಖಲೆ ಅದ. ಸರ್ಕಾರಿ ಆಸ್ಪತ್ರಿಯಿಂದ ಬಂದವರಿಗೆ ಇದು ಹತ್ತೂದೇ ಇಲ್ಲ. ಸಣ್ಣಂದಿನಿಂದ ಅರ್ಧಾ ಹೊಟ್ಟಿ, ಹತ್ತಾರು ಸೋಂಕು. ಆ ಕಣಗಳು ನೋಡಲಿಕ್ಕೆ ಛಲೋ ಕಾಣಸ್ತಾವ, ಕೆಲಸ ಮಾಡೂದಿಲ್ಲ."

"ಕೆಲಸ ಮಾಡೂದಿಲ್ಲಂತ ಯಾರು ಪರೀಕ್ಷಾ ಮಾಡ್ಯಾರ? ನಾ ಮಾಡಿಲ್ಲ. ಎಳೆಗಣದ ಪ್ರಯೋಗಾಲಯ ನಂದು."

"ಮಾಡೂದೇನು, ಫಲಿತಾಂಶನ ಹೇಳ್ತದಲ್ಲ." ಅವನು ಮೇಜಿನ ಮೇಲಿನ ಕಡತವನ್ನು ಅವಳತ್ತ ತಿರುಗಿಸಿದ. "ಬರೂ ಸೋಮವಾರ ರಾಜ್ಯದ ತಜ್ಞರ ಸಮಿತಿ ಮುಂದ ಇದನ್ನ ಇಡಬೇಕು. ಎಲ್ಲಾ ಆಸ್ಪತ್ರಿಗೂ ನಮ್ಮ ಅಂಕಾನ ಆಧಾರ ಆಗ್ತದ. ನಿಮ್ಮದೊಂದು ಸಹಿ ಬೇಕು."

ಕಸ್ತೂರಿ ಪ್ರಬಂಧದ ತಲೆಬರಹ ಓದಿದಳು. ಕೆಲವು ಜನವರ್ಗಗಳ ಎಳೆಗಣಗಳಲ್ಲಿ ಹುಟ್ಟು ದೌರ್ಬಲ್ಯ ಎಂದಿತ್ತು. ಚಹಾ ಮುಟ್ಟದೆ ಎದ್ದು ಬಂದಳು.

*

ಮನೆಯಲ್ಲಿ ಅಕ್ಕ ಮಹಾನಂದಾ ಅಡುಗೆಮನೆಯ ನೆಲದ ಮೇಲೆ ಕೂತು ಎಡಗೈಯಿಂದ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಗಣಿತ ಕಲಿಸಿದವಳು. ಹದಿನಾಲ್ಕು ತಿಂಗಳ ಹಿಂದೆ ಸ್ಕೂಟರಿಗೆ ಟಿಪ್ಪರ್ ತಾಗಿ ತಲೆ ಒಡೆದಿತ್ತು. ಆಗ ಹೋದ ಮಾತು ಎಳೆಗಣದ ಚಿಕಿತ್ಸೆಯಿಂದ ಮುಕ್ಕಾಲು ಪಾಲು ಮರಳಿತ್ತು. ಒಮ್ಮೊಮ್ಮೆ ಒಂದರ ಬದಲು ಇನ್ನೊಂದು ಶಬ್ದ ಬಂದುಬಿಡುತ್ತಿತ್ತು.

"ಸಾರಿಗೆ ಸ್ವಲ್ಪ ಸುಣ್ಣ ಹಾಕು," ಎಂದಳು. ತಾನೇ ಕೇಳಿಸಿಕೊಂಡು ಹಣೆ ಬಡಿದುಕೊಂಡಳು. "ಸುಣ್ಣ ಅಲ್ಲ. ಅದು... ಬೆಳ್ಳಗಿಂದು. ಉಪ್ಪು! ಉಪ್ಪು." ಆಮೇಲೆ ತಂಗಿಯ ಮುಖ ನೋಡಿ, "ಏನಾತು?" ಎಂದು ಕೇಳಿದಳು.

ಕಸ್ತೂರಿ ಎಲ್ಲ ಹೇಳಿದಳು. ಕೌಂಟರು, ಚೀಟಿ, ಬಳೆಗಳು, ಅಣ್ಣಿಗೇರಿಯ ಪ್ರಬಂಧ. ಮಹಾನಂದಾ ಬೆಳ್ಳುಳ್ಳಿ ಬದಿಗಿಟ್ಟಳು.

"ನನ್ನ ಅಂಕ ಎಷ್ಟಿತ್ತು?"

"ಎಂಬತ್ತೆರಡು."

"ನನ್ನ ಮಜ್ಜಿ ಅವನದಕ್ಕಿಂತ ಛಲೋ ಇತ್ತೇನು?"

"ಇಲ್ಲ. ಅವನದರಾಗ ಎರಡು ಪಟ್ಟು ಅದಾವ."

"ಮತ್ತ? ಒಂಬತ್ತನೇತ್ತೆ ಹುಡುಗೂರಿಗೆ ಹೇಳಿದ್ಹಂಗ ಹೇಳಬೇಕೇನು ನಿನಗ?" ಸಿಟ್ಟು ಬಂದಾಗ ಮಹಾನಂದಾಳ ಮಾತು ತಡೆಯಿಲ್ಲದೆ ಬರುತ್ತಿತ್ತು. "ನನ್ನ ದಾಖಲೆ ತಗೊ. ಎಲ್ಲಾ ಇದ್ದಂಗ ಇಡು. ಒಂದ ಒಂದು ಮಾತ್ರ ಬದಲು ಮಾಡು, ಉತ್ತರ ಏನಾಗ್ತದ ನೋಡು. ಆಮೇಲೆ ಇನ್ನೊಂದು. ಯಾವುದು ಬದಲಾದಾಗ ಅಂಕ ಬೀಳ್ತದ, ಅದ ನಿನ್ನ ಕಳ್ಳ."

ಆಮೇಲೆ ತಗ್ಗಿದ ದನಿಯಲ್ಲಿ, "ನನಗ ಎಷ್ಟನೇ ದಿನಕ್ಕ ಕೊಟ್ಟಿ ನೀನು?" ಎಂದಳು.

"ಏಳನೇ ದಿನ. ಮೂರನೇ ದಿನ ಬೆಳಸಾಕ ಇಟ್ಟಿದ್ದೆ."

"ನಿಮ್ಮ ಅರ್ಹತಾ ಸಮಿತಿ ಒಪ್ಪಿಗಿ?"

"ಹದಿನಾರನೇ ದಿನ ಬಂತು."

ಅಕ್ಕ ಬೆಳ್ಳುಳ್ಳಿಯ ಸಿಪ್ಪೆಗಳನ್ನು ಒಂದೊಂದಾಗಿ ಹೆಕ್ಕಿ ಮೊರಕ್ಕೆ ಹಾಕಿದಳು.

*

ಮರುದಿನ ಬೆಳಗ್ಗೆ ಕಸ್ತೂರಿ ಅಕ್ಕನ ದಾಖಲೆಯ ನಕಲೊಂದನ್ನು ಯಂತ್ರಕ್ಕೆ ಹಾಕಿದಳು. ವಯಸ್ಸು ಬದಲಿಸಿದಳು, ಅಂಕ ಎರಡು ಇಳಿಯಿತು. ಎಳೆಗಣಗಳ ಸಂಖ್ಯೆಯನ್ನು ಅರ್ಧ ಮಾಡಿದಳು, ನಾಲ್ಕು ಇಳಿಯಿತು. ಕಳಿಸಿದ ಆಸ್ಪತ್ರೆ ಎಂಬ ಜಾಗದಲ್ಲಿ 'ನೇರ ದಾಖಲು' ಎಂದಿದ್ದನ್ನು ಅಳಿಸಿ, ಯಮನೂರಪ್ಪ ಬಂದ ಆಸ್ಪತ್ರೆಯ ಹೆಸರು ತುಂಬಿದಳು.

ಮೂವತ್ತಾರು.

ರಕ್ತ ಅದೇ, ಮಜ್ಜೆ ಅದೇ, ತಲೆಯೊಳಗಿನ ಪೆಟ್ಟು ಅದೇ. ಬಾಗಿಲು ಮಾತ್ರ ಬೇರೆ. ಯಂತ್ರ ಕಣಗಳನ್ನು ಹೆಚ್ಚು ಲೆಕ್ಕಕ್ಕೆ ಹಿಡಿದಿರಲಿಲ್ಲ, ಯಾವ ಬಾಗಿಲಿನಿಂದ ಬಂದೆ ಎಂದು ಕೇಳಿತ್ತು.

ಆದರೆ ಯಂತ್ರಕ್ಕೆ ಅದನ್ನು ಕಲಿಸಿದವರು ಯಾರು? ಕಸ್ತೂರಿ ಯಂತ್ರ ಬರುವ ಮೊದಲಿನ ಎರಡು ವರ್ಷಗಳ ದಾಖಲೆಗಳನ್ನು ತೆರೆದು, ಪೆಟ್ಟು ಬಿದ್ದ ದಿನವನ್ನೂ ಎಳೆಗಣ ಕೊಟ್ಟ ದಿನವನ್ನೂ ಅಕ್ಕಪಕ್ಕ ಇಟ್ಟಳು. ನೇರವಾಗಿ ಬಂದವರಿಗೆ ಸರಾಸರಿ ಎಂಟನೇ ದಿನ ಕೊಟ್ಟಿದ್ದರು. ಸರ್ಕಾರಿ ಆಸ್ಪತ್ರೆಗಳಿಂದ ಬಂದವರಿಗೆ ಹತ್ತೊಂಬತ್ತನೇ ದಿನ. ಅವರ ಮಜ್ಜೆ ಬೆಳೆದು ನಿಂತು, ಶೀತಲ ಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿ ಕಾದಿತ್ತು. ಕಾದದ್ದು ಯಾವುದಕ್ಕೆ? ಅರ್ಹತಾ ಸಮಿತಿಯ ಒಪ್ಪಿಗೆಗೆ. ನೇರ ಬಂದವರಿಗೆ ಅವರವರ ವೈದ್ಯರ ಸಹಿ ಸಾಕಿತ್ತು. ಉಳಿದವರಿಗೆ, ಮತ್ತು ಸಂಸ್ಥೆಯ ವೈದ್ಯರ ಸ್ವಂತ ಮನೆಯವರಿಗೆ, ಸಮಿತಿ ಬೇಕಿತ್ತು. ಆ ಸಮಿತಿ ಕೂಡುತ್ತಿದ್ದದ್ದು ಎರಡನೇ ಮತ್ತು ನಾಲ್ಕನೇ ಶನಿವಾರ.

ಸಮಿತಿಯ ಐದು ಜನರಲ್ಲಿ ಮೂರನೆಯ ಹೆಸರು ಡಾಕ್ಟರ್ ಕಸ್ತೂರಿ ಹೂಗಾರ.

ದೀಪಾವಳಿ ಎಂದು ಮುಂದೂಡಿದ ಸಭೆ ಅವಳಿಗೆ ನೆನಪಾಯಿತು. ಕೋರಂ ಇಲ್ಲವೆಂದು ಚಹಾ ಕುಡಿದು ಎದ್ದು ಬಂದ ಸಭೆಯೂ ನೆನಪಾಯಿತು. ಕಡತದಲ್ಲಿ ಆ ದಿನ ಹನ್ನೆರಡು ಹೆಸರುಗಳಿದ್ದವು. ಆ ಹನ್ನೆರಡು ಮಂದಿಗೆ ಗೋಡೆ ಕಟ್ಟಿದ ಮೇಲೆ ಎಳೆಗಣ ಕೊಟ್ಟು, ಚಿಗುರಲಿಲ್ಲ ಎಂದು ಬರೆದುಕೊಂಡು, ಆ ಬರಹವನ್ನೇ ಯಂತ್ರಕ್ಕೆ ಓದಿಸಿದ್ದರು. ಯಂತ್ರ ಸುಳ್ಳು ಹೇಳಿರಲಿಲ್ಲ. ಇವರು ಮಾಡಿದ್ದನ್ನೇ ಇವರಿಗೆ ಅಂಕವಾಗಿ ಒಪ್ಪಿಸಿತ್ತು. ಅದನ್ನು ಹಿಡಿದುಕೊಂಡು ಇವರು ಎರಡು ವರ್ಷಗಳಲ್ಲಿ ಇನ್ನೂರಾ ಹದಿನೆಂಟು ಜನರನ್ನು ಬಾಗಿಲಿಂದಲೇ ಅಟ್ಟಿದ್ದರು. ಅಟ್ಟುವಾಗ ನಿಮ್ಮ ರಕ್ತವೇ ಸರಿಯಿಲ್ಲ ಎಂದು ಹೇಳಿ ಕಳಿಸಿದ್ದರು.

ಅವಳು ಪೆನ್ನು ತೆಗೆದುಕೊಂಡಳು. ಯಾರ ಮೇಲಿನ ಸಿಟ್ಟೆಂದು ಬೇರೆ ಮಾಡಲು ಬರಲಿಲ್ಲ. ಆ ಇನ್ನೂರಾ ಹದಿನೆಂಟು ಹೆಸರುಗಳನ್ನೂ ಊರುಗಳನ್ನೂ ಕೈಯಿಂದಲೇ ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡಳು. ಬರೆದು ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಅಣ್ಣಿಗೇರಿ ಈ ಸಲ ಚಹಾ ತರಿಸಲಿಲ್ಲ. ಅವಳು ಹೇಳಿದ್ದನ್ನು ಕೇಳಿಸಿಕೊಂಡ, ಅಷ್ಟೆ. ಆಶ್ಚರ್ಯಪಡದ ಅವನ ಮುಖ ನೋಡಿದಾಗಲೇ ಕಸ್ತೂರಿಗೆ ಗೊತ್ತಾಯಿತು.

"ನಿಮಗ ಗೊತ್ತಿತ್ತು."

"ಸಂಶೆ ಇತ್ತು. ಮುಂದಿನ ಆವೃತ್ತಿಯೊಳಗ ಸರಿ ಮಾಡೂಣಂತ ಇದ್ದೆ. ಈಗ ಬಾಯಿ ಬಿಟ್ಟರ ಏನಾಗ್ತದ ವಿಚಾರ ಮಾಡ್ರಿ. ಇಡೀ ಚಿಕಿತ್ಸೇನ ನಿಲ್ಲಸ್ತಾರ. ನಾಳೆ ಬರೂವನಿಗೂ ಇಲ್ಲ, ನಾಡದ ಬರೂವನಿಗೂ ಇಲ್ಲ. ಅದು ನಿಮಗ ಬೇಕೇನು?"

"ಅಲ್ಲೀತನಕ ಅವರ ರಕ್ತದ ಮ್ಯಾಲೆ ತಪ್ಪು ಹಾಕ್ಕೋತ ಇರೂದು?"

"ತಪ್ಪಿನ ಮಾತು ತಗದೀರಿ ಅಂದಮ್ಯಾಲೆ ಹೇಳ್ತೀನಿ." ಅವನ ದನಿ ಏರಲಿಲ್ಲ. "ನಿಮ್ಮ ಅಕ್ಕಗ ಒಪ್ಪಿಗಿ ಇಲ್ಲದ ಎಳೆಗಣ ಕೊಟ್ಟವರು ಯಾರು? ಸಮಿತಿಯೊಳಗಿನವರ ಮನಿ ಮಂದಿಗೆ ಒಂದು ಕಾಯ್ದೆ, ಊರಿಗೆಲ್ಲಾ ಒಂದು ಕಾಯ್ದೆ. ಇದನ್ನೂ ತಜ್ಞರ ಸಮಿತಿ ಮುಂದ ಹೇಳ್ತೀರೇನು?"

ಕಸ್ತೂರಿ ನೋಟುಪುಸ್ತಕ ಎತ್ತಿಕೊಂಡು ಎದ್ದುಬಂದಳು. ಅವನು ಹೇಳಿದ್ದು ನಿಜವಾಗಿತ್ತು.

*

ಹತ್ತನೇ ದಿನ ಪೆಟ್ಟಿಗೆ ತೆರೆದಾಗ ಯಮನೂರಪ್ಪನ ಎಳೆಗಣಗಳು ಸಿದ್ಧವಾಗಿದ್ದವು. ಕಸ್ತೂರಿ ಅವುಗಳ ರಸವನ್ನು ಪರೀಕ್ಷಿಸಿದಳು. ಬಟ್ಟಲಿನಲ್ಲಿಟ್ಟಿದ್ದ ನರದ ತುಂಡುಗಳು ಆ ರಸದಲ್ಲಿ ಎಳೆ ಎಳೆಯಾಗಿ ಬೇರು ಬಿಟ್ಟಿದ್ದವು. ಅಕ್ಕನ ಕಣಗಳಿಗೂ ಇಷ್ಟು ಚುರುಕು ಇರಲಿಲ್ಲ.

ಆ ಐದೂ ದಿನ ದ್ಯಾಮವ್ವ, ಕಸ್ತೂರಿ ಹೇಳಿ ಗಂಡನಿಗೆ ಕೊಡಿಸಿದ್ದ ವಾರ್ಡಿನ ಹಾಸಿಗೆಯ ಪಕ್ಕ ಬಿಟ್ಟು ಹೋಗಿರಲಿಲ್ಲ. ಬೆನ್ನಿಗೆ ಹುಣ್ಣಾದೀತೆಂದು ಎರಡು ತಾಸಿಗೊಮ್ಮೆ ಗಂಡನನ್ನು ತಾನೇ ಮಗ್ಗುಲು ತಿರುಗಿಸುತ್ತಿದ್ದಳು. ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಯವಳು. ಎಷ್ಟು ತೊಳೆದರೂ ಬೆರಳ ಖಾರ ಹೋಗದೆಂದು ಅವನ ಕಣ್ಣನ್ನು ಸೆರಗಿನ ತುದಿಯಿಂದಷ್ಟೇ ಒರೆಸುತ್ತಿದ್ದಳು.

ಕಸ್ತೂರಿ ಅವಳನ್ನು ಎದುರಿಗೆ ಕೂರಿಸಿಕೊಂಡು, ಒಂದನ್ನೂ ಮುಚ್ಚಿಡದೆ ಹೇಳಿದಳು. ಇದಕ್ಕೆ ಒಪ್ಪಿಗೆ ಇಲ್ಲ. ಇದನ್ನು ಮಾಡುತ್ತಿರುವವಳು ತಾನೊಬ್ಬಳೇ. ಜ್ವರ ಬರುತ್ತದೆ, ಮೆದುಳು ಊದಿಕೊಂಡರೆ ಜೀವ ಹೋಗಲೂಬಹುದು. ಉಳಿದರೂ ಎಷ್ಟು ಮರಳುತ್ತದೆಂದು ಹೇಳಲಾಗದು. ನಾಳೆ ಕಳೆದರೆ ಕೊಟ್ಟೂ ಪ್ರಯೋಜನವಿಲ್ಲ.

ದ್ಯಾಮವ್ವ ಕೇಳುತ್ತ ಕೇಳುತ್ತ ಕೆಂಪಾದಳು.

"ಡಾಕ್ಟರಬಾಯಾರ, ಹತ್ತ ದಿನ ಆತು. ಅಲ್ಲಿ ಮಲಗ್ಸು ಅಂದ್ರು ಮಲಗಿಸಿನಿ, ಇಲ್ಲಿ ಹೆಬ್ಬೆಟ್ಟ ಒತ್ತು ಅಂದ್ರು ಒತ್ತೀನಿ. ರಕ್ತ ಕೆಟ್ಟೈತಿ ಅಂತನೂ ಅಂದ್ರು. ನಿನಗೇನ ಅನಸ್ತೈತಿ ಅಂತ ಒಬ್ಬರರ ಕೇಳಿಲ್ಲ. ನೀವ ಮೊದಲು."

"ಕೇಳಾಕತ್ತೀನಿ. ಬ್ಯಾಡ ಅಂದ್ರ ಬ್ಯಾಡ."

"ನಿಮ್ಮ ಮನ್ಯಾಗಿನವರ ಆಗಿದ್ರ ಮಾಡ್ತಿದ್ರೇನು?"

"ಮಾಡೀನಿ," ಎಂದಳು ಕಸ್ತೂರಿ. "ನಮ್ಮ ಅಕ್ಕಗ ಮಾಡೀನಿ. ನಿಮ್ಮಂಥವರನ್ನ ಕಾಯಿಸಿ, ಆಕಿಗೆ ಮಾಡೀನಿ."

ದ್ಯಾಮವ್ವ ಅವಳನ್ನೇ ದಿಟ್ಟಿಸಿದಳು. ಆ ನೋಟದಲ್ಲಿ ಕೃತಜ್ಞತೆ ಇರಲಿಲ್ಲ. "ಹಂಗಾದ್ರ ಏಳ್ರಿ," ಎಂದಳು. "ನನ್ನ ಕೂಡ ಮಾತಾಡ್ಕೋತ ಯಾಕ ಹೊತ್ತ ಕಳೀತೀರಿ?"

ಹೊರಗೆ ಮಧ್ಯಾಹ್ನದ ಊಟದ ಗದ್ದಲವಿತ್ತು. ಕಸ್ತೂರಿ ವಾರ್ಡಿನ ಪರದೆ ಎಳೆದು, ಯಮನೂರಪ್ಪನನ್ನು ಮಗ್ಗುಲಿಗೆ ಮಲಗಿಸಿ, ಬೆನ್ನುಮೂಳೆಯ ನಡುವೆ ಸೂಜಿ ಇಳಿಸಿದಳು. ದ್ಯಾಮವ್ವ ಗಂಡನ ಮೊಣಕಾಲುಗಳನ್ನು ಎದೆಗೆ ಒತ್ತಿ ಹಿಡಿದಿದ್ದಳು. ಹನಿ ಹನಿಯಾಗಿ ಇಪ್ಪತ್ತು ನಿಮಿಷ ಹಿಡಿಯಿತು. ಮುಗಿಸಿ ಕೈಗವಸು ತೆಗೆದ ಕಸ್ತೂರಿ ದಾಖಲೆಯಲ್ಲಿ ತನ್ನ ಹೆಸರು, ಹೊತ್ತು, ಪ್ರಮಾಣ ಎಲ್ಲವನ್ನೂ ಸ್ಪಷ್ಟವಾಗಿ ಬರೆದಳು. ಒಪ್ಪಿಗೆ ಎಂಬಲ್ಲಿ 'ಹೆಂಡತಿ ದ್ಯಾಮವ್ವ' ಎಂದು ಬರೆದಳು.

ಎರಡನೇ ದಿನ ಜ್ವರ ನೂರಾನಾಲ್ಕಕ್ಕೆ ಏರಿ ಫಿಟ್ಸ್ ಬಂತು. ಕೆಲಸದಿಂದ ತೆಗೆದ ಆದೇಶ ಆಗಲೇ ಕೈ ಸೇರಿದ್ದರೂ ಕಸ್ತೂರಿ ಹಾಸಿಗೆಯ ಪಕ್ಕದಿಂದ ಕದಲಲಿಲ್ಲ. ಕಾವಲುಗಾರ ಬಂದಾಗ ದ್ಯಾಮವ್ವ ಬಾಗಿಲಿಗೆ ಅಡ್ಡ ನಿಂತಳು. "ಇವರನ್ನ ಹೊರಗ ಹಾಕಿದ್ರ ನೋಡು. ಅಂವಂಗೇನರ ಆದ್ರ ಈ ಬಾಗಲಾಗ ಹೆಣಾ ಇಟ್ಕೊಂಡ ಕುಂದ್ರತೀನಿ," ಎಂದಳು. ಕಾವಲುಗಾರ ಹೋದವನು ಮತ್ತೆ ಬರಲಿಲ್ಲ. ಮೂರನೇ ದಿನ ಜ್ವರ ಇಳಿಯಿತು.

*

ಸೋಮವಾರ ತಜ್ಞರ ಸಮಿತಿಯ ಮುಂದೆ ಅಣ್ಣಿಗೇರಿ ಪ್ರಬಂಧ ಓದಿದ. ಅವನು ಕೂತ ಮೇಲೆ ಕಸ್ತೂರಿ ಎದ್ದಳು. ನೀವೀಗ ಸಂಸ್ಥೆಯವರಲ್ಲ, ಮಾತಾಡುವ ಹಕ್ಕಿಲ್ಲ ಎಂದು ಯಾರೋ ಹೇಳಿದರು. ಅಧ್ಯಕ್ಷೆ ಐದು ನಿಮಿಷ ಕೊಟ್ಟರು.

ಅವಳು ಅಕ್ಕನ ಎಂಬತ್ತೆರಡು ಮೂವತ್ತಾರಾದದ್ದನ್ನು ಪರದೆಯ ಮೇಲೆ ತೋರಿಸಿದಳು. ದಿನಗಳ ಪಟ್ಟಿ ತೋರಿಸಿದಳು. ಆಮೇಲೆ ಯಾರೂ ಕೇಳುವ ಮೊದಲೇ, "ಆ ಅರ್ಹತಾ ಸಮಿತಿಯಲ್ಲಿ ನಾನೂ ಕೂತಿದ್ದೆ. ನನ್ನ ಅಕ್ಕನನ್ನು ಕಾಯಿಸಲಿಲ್ಲ, ಉಳಿದವರನ್ನು ಕಾಯಿಸಿದೆ. ಅವರ ಕಣಗಳಲ್ಲಿ ದೌರ್ಬಲ್ಯವಿಲ್ಲ. ಇದ್ದರೆ ನಮ್ಮಲ್ಲಿದೆ. ನನಗೆ ಏನು ಶಿಕ್ಷೆ ಕೊಡಬೇಕೋ ಕೊಡಿ, ಅದನ್ನು ಕೇಳಲು ನಿಂತಿದ್ದೇನೆ. ಆದರೆ ಈ ಅಂಕವನ್ನು ಇನ್ನೊಬ್ಬ ಮನುಷ್ಯನ ಮೇಲೆ ಹಾಕಬೇಡಿ," ಎಂದಳು.

ಸಭೆ ಗದ್ದಲವಾಯಿತು. ಚಿಕಿತ್ಸೆ ನಿಲ್ಲಲಿಲ್ಲ, ಅಣ್ಣಿಗೇರಿ ಹೆದರಿಸಿದ್ದು ಹುಸಿಯಾಯಿತು. ಅಂಕವನ್ನು 'ತಾಂತ್ರಿಕ ಮರುಪರಿಶೀಲನೆಗಾಗಿ' ಹಿಂತೆಗೆದುಕೊಂಡರು, ಒಪ್ಪಿಗೆಯನ್ನು ಆಯಾ ದಿನವೇ ಕೊಡಬೇಕೆಂದು ನಿಯಮ ಬಂತು. ಕಸ್ತೂರಿಯ ವೈದ್ಯಕೀಯ ನೋಂದಣಿಯನ್ನು ಒಂದು ವರ್ಷ ಅಮಾನತಿನಲ್ಲಿಟ್ಟರು. ಅದಕ್ಕೆ ಅವಳು ಮೇಲ್ಮನವಿ ಹಾಕಲಿಲ್ಲ. ಅಣ್ಣಿಗೇರಿ ಸಲಹೆಗಾರನಾಗಿ ಬೇರೊಂದು ಊರಿಗೆ ಹೋದ. ಸಂಸ್ಥೆಯ ಪತ್ರಿಕಾ ಹೇಳಿಕೆಯಲ್ಲಿ 'ಕೆಲವು ರೋಗಿಗಳಿಗೆ ಅನನುಕೂಲವಾಗಿರಬಹುದು' ಎಂಬ ಒಂದು ಸಾಲಿತ್ತು. ಅಟ್ಟಿಸಿಕೊಂಡ ಇನ್ನೂರಾ ಹದಿನೆಂಟು ಮನೆಗಳಿಗೆ ಒಂದು ಕಾಗದವೂ ಹೋಗಲಿಲ್ಲ.

ಯಮನೂರಪ್ಪ ಆರನೇ ವಾರ ಗಂಜಿ ನುಂಗಿದ. ಮೂರನೇ ತಿಂಗಳು ಬಲಗಾಲು ಎಳೆಯುತ್ತ ವಾರ್ಡಿನ ಉದ್ದಕ್ಕೆ ನಡೆದ. ಬಲಗೈ ಮರಳಲಿಲ್ಲ. ಕಂಬ ಹತ್ತುವುದು ಮುಗಿದಿತ್ತು. ಮಾತು ಎಂಟೋ ಹತ್ತೋ ಬಂದವು, ಅವುಗಳಲ್ಲಿ ಮೊದಲನೆಯದು ಒಂದು ಬೈಗುಳ. ಫಿಜಿಯೋಥೆರಪಿಯವಳು ಕೈ ತಿರುಚಿದಾಗ ಬಂದದ್ದು. ವಾರ್ಡೆಲ್ಲ ಬೆಚ್ಚಿತು; ದ್ಯಾಮವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ನಗುತ್ತಲೇ ಅತ್ತಳು. ಕಸ್ತೂರಿಗೆ ಅವಳು ಹೇಳಿದ್ದು ಒಂದೇ ಮಾತು. "ಇನ್ನೂ ಮೊದಲ ಕೊಟ್ಟಿದ್ರ ಕೈನೂ ಬರ್ತಿತ್ತೇನ್ರೀ?"

ಬರಬಹುದಿತ್ತು ಎಂದಳು ಕಸ್ತೂರಿ.

*

"ಸಂಸ್ಥೆ ಹೇಳೂದಿಲ್ಲಂದ್ರ ನಾವ ಹೇಳೂಣು," ಎಂದವಳು ಮಹಾನಂದಾ. ನೋಟುಪುಸ್ತಕದ ಮೊದಲ ಹೆಸರು ನೀಲಮ್ಮ, ಬೆಟಗೇರಿ. ಬಸ್ ಕಂಡಕ್ಟರ್ ಆಗಿದ್ದವಳು, ಎರಡು ವರ್ಷಗಳ ಹಿಂದೆ ಬಸ್ಸಿನ ಮೆಟ್ಟಿಲಿಂದ ಬಿದ್ದಿದ್ದಳು. ಅಂಕ ಇಪ್ಪತ್ತೊಂಬತ್ತು. ಆಗ ಅವಳಿಗೆ ಇಪ್ಪತ್ತಾರು ವಯಸ್ಸು.

ನೇಕಾರರ ಓಣಿಯ ಸಣ್ಣ ಮನೆ. ನೀಲಮ್ಮನ ತಂದೆ ವಿರೂಪಾಕ್ಷಪ್ಪ ಮಗ್ಗದಿಂದ ಎದ್ದು ಬಂದ. ಅಕ್ಕ ತಂಗಿಯರಿಗೆ ಚಾಪೆ ಹಾಸಿದ, ನೀರು ಕೊಟ್ಟ. ಕಸ್ತೂರಿ ಬಂದ ಕಾರಣ ಹೇಳಿದಳು. ನಿಮ್ಮ ಮಗಳ ರಕ್ತದಲ್ಲಿ ಯಾವ ದೋಷವೂ ಇರಲಿಲ್ಲ, ನಾವು ಸುಳ್ಳು ಲೆಕ್ಕ ಹಾಕಿದ್ದೆವು, ಹೊತ್ತಿಗೆ ಕೊಟ್ಟಿದ್ದರೆ ಚಿಗುರುತ್ತಿತ್ತೋ ಏನೋ, ಕೊಡಲೇ ಇಲ್ಲ ಎಂದಳು. ತನ್ನ ಪಾಲಿನದನ್ನೂ ಹೇಳಿದಳು.

ಮುದುಕ ಅವಳ ಪಾದಗಳನ್ನು ನೋಡುತ್ತ ಕೂತಿದ್ದ.

"ನಮ್ಮ ಸಣ್ಣ ಮಗಳ ಲಗ್ನ ಎರಡ ಸಲ ಮುರದು ಬಿತ್ತು," ಎಂದ. "ಆ ಮನಿ ರಕ್ತ ಸರಿ ಇಲ್ಲ ಅಂದ್ರು. ನಾನೂ ಅಂದೆ. ನನ್ನ ಹೆಂಡ್ತಿಗೆ ಅಂದೆ, ನಿಮ್ಮ ತವರಮನಿ ರಕ್ತ ಇದು ಅಂತ. ದಿನಾ ಅಂದೆ. ಆಕಿ ಅದನ್ನ ಕೇಳ್ಕೋತನ ಹ್ವಾದ ವರ್ಷ ಸತ್ತಳು." ಅವನು ತಲೆ ಎತ್ತಿದ. ಕಣ್ಣು ಒಣಗಿದ್ದವು. "ಈಗ ಬಂದು ಹೇಳ್ತೀಯೇನವ್ವಾ ನೀನು? ಈಗ?"

ಮಹಾನಂದಾ ಕಸ್ತೂರಿಯ ಮೊಣಕೈ ಹಿಡಿದಳು, ಎಬ್ಬಿಸಲಿಲ್ಲ.

"ನನಗ ಹೇಳಿ ಏನ ಮಾಡ್ತಿ? ಆಕಿಗೆ ಹೇಳು. ಆಕಿಗೆ ಎಲ್ಲಾ ತಿಳೀತೈತಿ, ಮಾತ ಅಷ್ಟ ಇಲ್ಲ," ಎಂದ ವಿರೂಪಾಕ್ಷಪ್ಪ.

ಒಳಗಿನ ಕೋಣೆಯಲ್ಲಿ ನೀಲಮ್ಮ ಕಿಟಕಿಯತ್ತ ಮುಖ ಮಾಡಿ ಮಲಗಿದ್ದಳು. ಜಡೆ ಯಾರೋ ಅಚ್ಚುಕಟ್ಟಾಗಿ ಹೆಣೆದಿದ್ದರು. ಕಸ್ತೂರಿ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತು, ಆ ಕಣ್ಣುಗಳನ್ನು ನೋಡುತ್ತ ಮತ್ತೆ ಎಲ್ಲ ಹೇಳಿದಳು. ಕೊನೆಗೆ, "ತಪ್ಪು ನಿಮ್ಮದಲ್ಲ. ನಿಮ್ಮ ತಾಯೀದೂ ಅಲ್ಲ. ನಮ್ಮದು," ಎಂದಳು.

ನೀಲಮ್ಮನ ಎಡಗೈ ಹೊದಿಕೆಯನ್ನು ಮುಷ್ಟಿಯಲ್ಲಿ ಹಿಡಿಯಿತು. ಕತ್ತಿನ ನರ ಬಿಗಿದವು. ಬಾಯಿ ತೆರೆಯಿತು. ಹೊಟ್ಟೆಯ ತಳದಿಂದ ಎದ್ದ ಒಂದು ಕೂಗು ಹೊರಬಂತು. ಅದರಲ್ಲಿ ಪದಗಳಿರಲಿಲ್ಲ, ಆದರೆ ಅರ್ಥ ಯಾರಿಗೂ ತಪ್ಪುವಂತಿರಲಿಲ್ಲ. ಉಸಿರು ತೀರುವವರೆಗೆ ಕೂಗಿ, ಉಸಿರೆಳೆದುಕೊಂಡು ಮತ್ತೆ ಕೂಗಿದಳು.

ಗಾಬರಿಯಾದ ನೀಲಮ್ಮನ ತಂಗಿ ಓಡಿಬಂದು ಅವಳ ಬಾಯಿಗೆ ಕೈ ಇಡಹೋದಳು. "ಇಡಬ್ಯಾಡವ್ವಾ. ಬಿಡು ಆಕೀನ," ಎಂದಳು ಮಹಾನಂದಾ.

ಓಣಿಯ ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು. ವಿರೂಪಾಕ್ಷಪ್ಪ ಹೊರಗೆ ಹೋಗಿ ಬೀದಿಬಾಗಿಲಿನ ಎರಡೂ ಕದಗಳನ್ನು ತೆರೆದ. ಹೊಸ್ತಿಲ ಮುಂದೆ ಆಗಲೇ ಹತ್ತು ಹನ್ನೆರಡು ಜನ ಸೇರಿದ್ದರು.

"ಏನಾತೋ ವಿರೂಪಾಕ್ಷಪ್ಪಾ? ಯಾಕ ಹಂಗ ಚೀರಾಕತ್ತಾಳ?"

"ಬರ್ರಿ ಒಳಗ. ಎಲ್ಲಾರೂ ಬರ್ರಿ," ಎಂದ ಅವನು. ಆಮೇಲೆ ಕಸ್ತೂರಿಯತ್ತ ತಿರುಗಿ, "ಏಳವ್ವಾ. ನನಗ ಹೇಳಿದ್ದನ್ನ ಇವರಿಗೂ ಹೇಳು. ಗಟ್ಟಿಯಾಗಿ ಹೇಳು," ಎಂದ.

ಕಸ್ತೂರಿ ಎದ್ದು ನಡುಮನೆಗೆ ಬಂದು, ಜನ ಕೂರುವವರೆಗೆ ಕಾದು, ಮೊದಲಿನಿಂದ ಶುರುಮಾಡಿದಳು.